ಮೇಲಿನ ಹಲ್ಲು

ಜೂನ್ 20, 1999, ಭಾನುವಾರ

ಅಣ್ಣ ಮಲ್ಲಿಪಟ್ಟಣದಿಂದ ಇವರ ಗೊಬ್ಬರದಂಗಡಿಗೆ ಫೋನು ಮಾಡಿದ್ದನಂತೆ. ನನ್ನ ಸಿಇಟಿ ರ‍್ಯಾಂಕು ಬಂದಿದೆ. ಇವರು ಊಟಕ್ಕೆ ಬಂದವರು ಚಪ್ಪಲಿ ಬಿಡುತ್ತಲೇ, “ಲೇ ಹಂಸ, ದೊಡ್ಡ ಡಾಕ್ಟ್ರಾಗಕ್ಕೆ ಸಾಲಕಿಲ್ವಂತೆ, ಹಲ್ಲು ಕೀಳಕ್ಕೆ ಸಾಕಂತೆ ಕಣೆ,” ಎಂದು ನಕ್ಕರು. ಮುದ್ದೆ ತಿರುವುತ್ತಿದ್ದ ಕೈ ನಿಂತಿತು. ತಳ ಹತ್ತಿದ ವಾಸನೆ ಬಂದ ಮೇಲೇ ಎಚ್ಚರವಾದದ್ದು.

ನನಗೆ ಬೇಕಾಗಿದ್ದೂ ಹಲ್ಲೇ. ಅವ್ವನ ದವಡೆ ಊದಿಕೊಂಡಾಗ ನಾನು ಹೊಳೆನರಸೀಪುರದಲ್ಲಿ ಪಿಯುಸಿ ಓದುತ್ತಿದ್ದೆ. ಊರಲ್ಲಿ ಲವಂಗ ಇಟ್ಟರು, ಸುಣ್ಣ ಹಚ್ಚಿದರು, ಯಾರೋ ಬಂದು ಮಂತ್ರಿಸಿ ಹೋದರು. ಹಾಸನಕ್ಕೆ ಕರೆದುಕೊಂಡು ಹೋಗುವ ಹೊತ್ತಿಗೆ ಅವ್ವನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಒಂದು ಹುಳುಕು ಹಲ್ಲಿನಿಂದ ಜೀವ ಹೋಗುತ್ತದೆ ಅಂತ ಡಾಕ್ಟರು ಹೇಳಿದಾಗ ಅಣ್ಣ ನಂಬಲಿಲ್ಲ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಈಗ ತವರು ಅಂದರೆ ಸುದರ್ಶನಣ್ಣ ಒಬ್ಬನೇ. ಸೊಸೈಟಿಯಲ್ಲಿ ಗುಮಾಸ್ತ. ನನ್ನನ್ನು ಓದಿಸಿ, ಮದುವೆ ಮಾಡಿ, ತಾನು ಮಾತ್ರ ಇನ್ನೂ ಹಾಗೇ ಇದ್ದಾನೆ.

ಬಿಎಸ್ಸಿ ಮುಗಿಯುವ ಮುಂಚೆಯೇ ನನ್ನ ಮದುವೆಯಾಯಿತು, ಮರುವರ್ಷ ಅನುಶ್ರೀ ಹುಟ್ಟಿದಳು. ಮೇ ತಿಂಗಳಲ್ಲಿ ಹಾಸನದಲ್ಲಿ ಸಿಇಟಿ ಬರೆಯುವಾಗ ಅಣ್ಣ ಹೊರಗೆ ಹೊಂಗೆ ಮರದ ಕೆಳಗೆ ಅವಳನ್ನು ಭುಜದ ಮೇಲೆ ಹಾಕಿಕೊಂಡು ಓಡಾಡುತ್ತಿದ್ದ. ಒಂದು ಪೇಪರಿಗೂ ಇನ್ನೊಂದಕ್ಕೂ ನಡುವೆ ಓಡಿಬಂದು ಹಾಲು ಕುಡಿಸಿ ಮತ್ತೆ ಓಡುತ್ತಿದ್ದೆ. ಕುಪ್ಪಸವೆಲ್ಲ ಒದ್ದೆ. ಆ ಸ್ಥಿತಿಯಲ್ಲಿ ಬರೆದದ್ದಕ್ಕೆ ರ‍್ಯಾಂಕು ಬಂದಿದೆ ಅಂದರೆ ನನಗೇ ನಂಬಿಕೆ ಬರುತ್ತಿಲ್ಲ.

ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿದರು. “ಬರ್ದೆ, ಪಾಸಾದೆ. ಆಸೆ ತೀರ್ತಲ್ಲ ತಾಯಿ,” ಅಂದರು. ನಗುತ್ತಲೇ ಅಂದರು. ಆಗಿನಿಂದ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ತೀರಿತು ಅಂದರೆ ಏನರ್ಥ?

ಜೂನ್ 26, ಶನಿವಾರ

ಕೌನ್ಸೆಲಿಂಗ್ ಬೆಂಗಳೂರಿನಲ್ಲಿ. ಸೀಟು ಆರಿಸುವುದಕ್ಕೆ ಮುಂಚೆ ಮೂಲಪತ್ರಗಳನ್ನೆಲ್ಲ ನೋಡುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು ನನ್ನ ಹತ್ತಿರ ಇವೆ. ಇಲ್ಲದ್ದು ಒಂದೇ. ಒಂದನೇ ಕ್ಲಾಸಿನಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದೆನೆಂದು ಮಲ್ಲಿಪಟ್ಟಣದ ಹೆಡ್ಮಾಸ್ಟರು ಬರೆದುಕೊಡಬೇಕು, ಅದರ ಮೇಲೆ ಅರಕಲಗೂಡಿನ ಬಿಇಒ ಸಾಹೇಬರ ಸಹಿ, ಸೀಲು ಬೀಳಬೇಕು. ಅದಿದ್ದರೆ ಗ್ರಾಮೀಣ ಮೀಸಲಿನಲ್ಲಿ ಬಿಡಿಎಸ್ ಸರ್ಕಾರಿ ಸೀಟು ಸಿಗುತ್ತದೆ. ಇಲ್ಲದಿದ್ದರೆ ನನ್ನ ರ‍್ಯಾಂಕಿಗೆ ಏನೂ ಇಲ್ಲ. ಅಣ್ಣ, “ಅದು ನನ್ ತಲೆ ಮೇಲಿರ್ಲಿ ಬುಡು,” ಅಂದಿದ್ದಾನೆ.

ಇವರು ಅಂಗಡಿಗೆ ಬಂದವರಿಗೆಲ್ಲ ಗೊಬ್ಬರದ ಜೊತೆ ನನ್ನ ಸುದ್ದಿಯನ್ನೂ ತೂಗಿ ಕೊಡುತ್ತಿದ್ದಾರಂತೆ. ಬೆಂಗಳೂರಿಗೆ ಬನ್ನಿ ಅಂದರೆ ಮಾತ್ರ, “ಬಿತ್ತನೆ ಕಾಲ ಕಣೆ. ನಿಮ್ಮಣ್ಣನ್ ಜೊತೆ ಹೋಗ್ಬುಟ್ಟು ಬಾ.”

ಮಹಡಿ ಮನೆಯ ಬಾಡಿಗೆಯವರು ಆರತಿ. ಅವರ ಗಂಡ ವರದರಾಜ ಹೈಸ್ಕೂಲು ಮೇಷ್ಟ್ರು. ಆರತಿಯದೂ ಮೇಷ್ಟರ ತರಬೇತಿ ಟಿಸಿಎಚ್ ಆಗಿದೆ, ಈಗ ಬಸುರಿ. ಸಂಜೆ ಮೆಟ್ಟಿಲ ಮೇಲೆ ಕೂತು ಹುಣಿಸೆಹಣ್ಣು ಬಿಡಿಸುತ್ತ, “ಐದು ವರ್ಷ ಅನ್ನೋದು ಹೀಗೆ ಹೋಗುತ್ತೆ ಕಣ್ರೀ ಹಂಸ. ಆಮೇಲೆ ನಮ್ಮನೆಯವರ ಗೊರಕೆಗೂ ಏನಾದ್ರೂ ಔಷಧಿ ಕೊಡಿ,” ಅಂದರು. ಗೊರಕೆ ಹಲ್ಲಿನಿಂದ ಬರಲ್ಲ ಅಂದೆ. “ಹಲ್ಲು ಕಿತ್ತುಬಿಡಿ, ಭಯಕ್ಕೆ ನಿಲ್ಲುತ್ತೆ.”

ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಊಟಕ್ಕೆ ಕೂತಾಗ ಅನುವಿನ ಕೆನ್ನೆ ಸವರುತ್ತ, “ಐದ್ ವರ್ಸ. ಅಷ್ಟೊತ್ಗೆ ಇದು ಸ್ಕೂಲಿಗೆ ಓಯ್ತದೆ. ನಿಮ್ಮವ್ವ ಯಾರು ಅಂದ್ರೆ ನನ್ ಕಡೆ ಕೈ ತೋರುಸ್ತದೆ,” ಅಂದರು. ಅದನ್ನೂ ನಗುತ್ತಲೇ ಅಂದರು.

ಜುಲೈ 5, ಸೋಮವಾರ

ಹಾಲು ಕುಡಿಯುತ್ತ ಅನು ಕಚ್ಚಿದಳು. ಕಿರುಚಿಕೊಂಡೆ. ಬೆರಳಿಟ್ಟು ನೋಡಿದರೆ ಕೆಳಗಿನ ವಸಡಿನಲ್ಲಿ ಅಕ್ಕಿಯ ಮೊನೆಯಂತೆ ಒಂದು. ಮೊದಲ ಬಾಚಿಹಲ್ಲು! ನಾಳೆ ಎಲ್ಲರಿಗೂ ಹೇಳಬೇಕು. ಇವತ್ತು ನನಗೊಬ್ಬಳಿಗೇ ಗೊತ್ತಿರಲಿ.

ಜುಲೈ 15, ಗುರುವಾರ

ನಿನ್ನೆ ಆಷಾಢ ಹುಟ್ಟಿತು. ಗಾಳಿ ಎದ್ದಿದೆ. ಹಿತ್ತಲ ಬಾಗಿಲು ತಾನೇ ತಾನಾಗಿ ಬಡಿದುಕೊಳ್ಳುತ್ತದೆ. ಅನು ಹುಟ್ಟಿದಾಗಿನಿಂದ ಹೋದ ನಿದ್ದೆ ಈಗ ಅವಳು ಮಲಗಿದರೂ ಬರುವುದಿಲ್ಲ.

ಬೆಳಿಗ್ಗೆ ಅತ್ತೆ ಅವಳನ್ನು ಕಾಲ ಮೇಲೆ ಮಲಗಿಸಿಕೊಂಡು ಬೆಳ್ಳಿ ಒಳಲೆಯಲ್ಲಿ ರಾಗಿಸರಿ ಕುಡಿಸುತ್ತಿದ್ದರು. ನಾನು ಬಟ್ಟೆ ಒಣಹಾಕುತ್ತಿದ್ದೆ. “ಅಂಸಾ,” ಎಂದು ಕರೆದರು. ಅತ್ತೆ ಯಾವತ್ತೂ ಗಟ್ಟಿಯಾಗಿ ಕೂಗುವವರಲ್ಲ.

“ಇಲ್ಕೇಳು,” ಎಂದು ಒಳಲೆಯ ಮೂತಿಯನ್ನು ಕೂಸಿನ ಬಾಯಲ್ಲಿಟ್ಟು ಕೈ ಒಂದಿಷ್ಟು ಎತ್ತಿದರು. ಟಿಣ್ ಅಂತ ಸದ್ದಾಯಿತು.

“ಮೇಲ್ಗಡೆ,” ಅಂದರು. “ಮೇಲಿನ್ ಅಲ್ಲು ಮೊದ್ಲು ಬಂದದೆ.”

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗುವುದಿಲ್ಲ ಅನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಈ ಮನೆಯಲ್ಲಿ ಅದಕ್ಕೊಂದು ಶಾಸ್ತ್ರವೂ ಇದೆಯಂತೆ. ಆಷಾಢ ಕಳೆದು ಶ್ರಾವಣದಲ್ಲಿ ಒಳ್ಳೆಯ ದಿನ ನೋಡಿ ಮಾವ ಬರಬೇಕು. ಕೂಸಿನ ಮುಖವನ್ನು ಮೊದಲು ಎಣ್ಣೆ ಬಟ್ಟಲಲ್ಲಿ ನೋಡಿ, ಆಮೇಲೆ ನೇರ ನೋಡಬೇಕು. ಅಲ್ಲಿಯವರೆಗೆ ಅವನು ಈ ಹೊಸಲು ದಾಟಬಾರದು.

“ಕೆಳಗಡೇದು ಆಗಲೇ ಬಂದಿದೆ ಅತ್ತೆ. ನಾನೇ ಮುಟ್ಟಿ ನೋಡಿದ್ದೀನಿ.”

“ಬೆಳ್ಳಿಗೆ ತಗುಲಿ ಸದ್ದಾಗ್ಬೇಕು ಕಣವ್ವ. ಬೆರಳಿಗೆ ಸಿಕ್ಕಿದ್ನೆಲ್ಲ ನಾವು ಲೆಕ್ಕಕ್ಕಿಡಕಿಲ್ಲ. ನಮ್ಮತ್ತೆ ಕಾಲ್ದಿಂದ್ಲೂ ಇದ್ರಲ್ಲೇ ನೋಡಾದು.”

ಹಾಲುಹಲ್ಲು ಯಾವುದು ಯಾವಾಗ ಬರುತ್ತದೆ, ಕೆಲವು ಮಕ್ಕಳಿಗೆ ಹೇಗೆ ಹಿಂದುಮುಂದಾಗುತ್ತದೆ ಅಂತ ಪಿಯುಸಿಯಲ್ಲಿ ಓದಿದ್ದನ್ನು ವಿವರಿಸಿದೆ. ಅತ್ತೆ ಪೂರ್ತಿ ಕೇಳಿದರು.

“ನೀನು ಓದಿದೋಳು. ನಾನ್ ಏಳಾದೇನದೆ? ಉಷಾರಾಗಿದ್ರೆ ನಮ್ ಗಂಟೇನು ಓಯ್ತದೆ ಅಂತ ಅಂದೆ ಅಷ್ಟೆಯ.”

ಆರತಿಗೆ ಹೇಳಿದೆ. ಇಬ್ಬರೂ ಮೆಟ್ಟಿಲ ಮೇಲೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕೆವು.

ಜುಲೈ 18, ಭಾನುವಾರ

ಅಣ್ಣ ಬಂದಿದ್ದ. ಹೆಡ್ಮಾಸ್ಟರು ಬರೆದುಕೊಟ್ಟಿದ್ದಾರೆ. ಬಿಇಒ ಸೀಲು ಹಾಕಿಸುವ ಮುಂಚೆ ಹೆಸರು, ಇನಿಷಿಯಲ್ಲು ಅಂಕಪಟ್ಟಿಯಲ್ಲಿರುವ ಹಾಗೇ ಇದೆಯಾ ನೋಡು ಅಂತ ಮೊಪೆಡ್ಡಿನಲ್ಲಿ ಅಷ್ಟು ದೂರ ತಂದಿದ್ದ.

ಅತ್ತೆ ಬಾಗಿಲಲ್ಲೇ ತಡೆದರು. “ಜಗಲಿ ಮ್ಯಾಲೇ ಕೂತ್ಕಳಪ್ಪ ಸುದರ್ಸನ. ಮಗೀಗೆ ಮೇಲಿನ್ ಅಲ್ಲು ಬಂದದೆ.”

“ಬರ್ಲಿ ಬುಡಿ ಅತ್ತೆಮ್ಮ. ಅದು ಕಚ್ಚಾದು ನನ್ನಲ್ಲ, ನಿಮ್ ಚಕ್ಲೀನ.”

“ತಮಾಸೆ ಅಲ್ಲ ಕಣಪ್ಪ.”

“ನಾನೂ ತಮಾಸೆ ಮಾಡ್ತಿಲ್ಲ. ನಿಮ್ ಚಕ್ಲಿ ನನ್ ಕೈಲೇ ಕಚ್ಚಕ್ಕಾಗಕಿಲ್ಲ.”

ನಾನು ಅನುವನ್ನು ಎತ್ತಿಕೊಂಡು ಒಳಗಿದ್ದೆ. ಕೋಣೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅತ್ತೆಯ ಮುಂದೆಯೇ ಹೊಸಲು ದಾಟಿ ಹೋಗಿ ಅವನ ತೊಡೆಯ ಮೇಲೆ ಕೂರಿಸಿದೆ. ಬೇಕೆಂದೇ ಮಾಡಿದೆ. ಅಣ್ಣ ಅವಳ ಬಾಯಿಗೆ ಬೆರಳು ಹಾಕಿ, “ಅಬ್ಬಬ್ಬಾ! ಕೆಳಗೂ ಅದೆ, ಮೇಲೂ ಅದೆ. ನಿಮ್ಮವ್ವ ಕೀಳಾದ ಕಲಿಯಕ್ ಮುಂಚೆ ನೀನೇ ನನ್ ಬೆರಳ್ನ ಕಿತ್ತಾಕ್ಬುಡ್ತೀಯ,” ಅಂದ. ಅವಳು ಕಿಲಕಿಲ ನಗುತ್ತಿದ್ದಳು.

ಅತ್ತೆ ಬಾಗಿಲಲ್ಲಿ ನಿಂತು ಒಳಲೆಯನ್ನು ಸೆರಗಿನಿಂದ ಒರೆಸುತ್ತಿದ್ದರು.

ಜುಲೈ 19, ಸೋಮವಾರ

ನಿನ್ನೆ ವಾಪಸು ಹೋಗುವಾಗ ಅಣ್ಣ ಬಿದ್ದಿದ್ದಾನೆ. ಹೊಳೆನರಸೀಪುರದ ಸೇತುವೆ ದಾಟಿದ ಮೇಲೆ ನಾಯಿ ಅಡ್ಡ ಬಂತಂತೆ. ಗದ್ದಕ್ಕೆ ಹೊಲಿಗೆ ಬಿದ್ದಿದೆ. ಮೇಲಿನ ಮುಂದಿನ ಹಲ್ಲು ಅರ್ಧ ಮುರಿದು ಹೋಗಿದೆ.

ಮೇಲಿನ ಹಲ್ಲು.

ಇವರು ಸುದ್ದಿ ತಂದಾಗ ಅತ್ತೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. “ತಲೆಗೆ ಬರಾದು ಅಲ್ಲಿಗೆ ಬಂತು. ಸದ್ಯ, ಅಲ್ಲಿಗೇ ಓಯ್ತು,” ಅಂದರು. ಅತ್ತೆಯ ಬಾಯಲ್ಲಿ ಹಲ್ಲಿಗೂ ಅಲ್ಲಿಗೂ ವ್ಯತ್ಯಾಸವಿಲ್ಲ. ಅಲ್ಲಿಗೆ ಮುಗಿಯಿತು ಅಂದರೋ, ಹಲ್ಲಿಗೆ ಮಾತ್ರ ಬಂತು ಅಂದರೋ? ಮುಗಿದಿದ್ದರೆ ದೀಪ ಯಾಕೆ ಹಚ್ಚಬೇಕು?

ಜುಲೈ 22, ಗುರುವಾರ

ಒದ್ದೆ ರಸ್ತೆ. ನಾಯಿ. ಹಳೆಯ ಗಾಡಿ, ಬ್ರೇಕು ಹಿಡಿಯುವುದಿಲ್ಲ ಅಂತ ಅವನೇ ಎಷ್ಟೋ ಸಲ ಹೇಳಿದ್ದ. ಕೂಸಿನ ಹಲ್ಲಿಗೂ ಅರಕಲಗೂಡಿನ ರಸ್ತೆಗೂ ಸಂಬಂಧವಿಲ್ಲ.

ಅನು ನಕ್ಕರೆ ಈಗ ಮೊದಲು ಮೇಲಕ್ಕೆ ನೋಡುತ್ತೇನೆ.

ಜುಲೈ 27, ಮಂಗಳವಾರ

ಅಂಗಡಿಗೆ ಹೋಗಿ ಅಣ್ಣನ ಜೊತೆ ಫೋನಿನಲ್ಲಿ ಮಾತಾಡಿದೆ. ಮುರಿದ ಹಲ್ಲಿನ ಸಂದಿಯಲ್ಲಿ ಗಾಳಿ ತೂರಿ ಮಾತೆಲ್ಲ ಸುಯ್ ಸುಯ್ ಅನ್ನುತ್ತಿತ್ತು. ಗದ್ದದ ಹೊಲಿಗೆ ಇಟ್ಟುಕೊಂಡೇ ಅರಕಲಗೂಡಿಗೆ ಹೋಗಿ ಬಿಇಒ ಸಹಿ ಹಾಕಿಸಿದ್ದಾನೆ. “ಸಾಹೇಬ್ರು ನನ್ ಮುಖ ನೋಡಿ ಪಾಪ ಅಂತ ಒಂದೇ ದಿನಕ್ಕೆ ಮಾಡ್ಕೊಟ್ರು ಕಣವ್ವ. ಬಿದ್ದಿದ್ದೂ ಒಳ್ಳೇದೇ ಆಯ್ತು.”

ನನ್ನ ಸರದಿ ಆಗಸ್ಟ್ ನಾಲ್ಕಕ್ಕೆ. ಮೂರನೇ ತಾರೀಕು ಸಂಜೆ ಅವನು ಇಲ್ಲಿಗೆ ಬರುವುದು, ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ಅನು, ಅವನು ಬೆಂಗಳೂರಿಗೆ ಹೋಗುವುದು.

“ಹಲ್ಲು ಕಟ್ಟಿಸ್ಕೋ ಅಣ್ಣ.”

“ಯಾರ ತಾವೂ ಕಟ್ಸಕಿಲ್ಲ. ಅರ್ಧ ಅಲ್ಲು ಇಂಗೇ ಇರ್ಲಿ. ನಿನ್ ಮೊದಲ್ನೇ ಪೇಷೆಂಟು ನಾನೇಯ.”

ನಕ್ಕೆ. ಗಾಡಿ ಬೇಡ, ಬಸ್ಸಿನಲ್ಲಿ ಬಾ ಅಂದೆ. “ಗಾಡಿ ರಿಪೇರಿ ಆಗದೆ, ಅದ್ರಲ್ಲೇ ಬತ್ತೀನಿ,” ಅಂದ. ಫೋನಿಟ್ಟ ಮೇಲೆ ಯೂರಿಯಾ ಮೂಟೆಯ ಮೇಲೆ ಕೂತುಬಿಟ್ಟೆ. ಇವರು ಏನಾಯ್ತು ಅಂದರು. ಏನಿಲ್ಲ, ಇಲ್ಲಿ ವಾಸನೆ ಅಂದೆ.

ಜುಲೈ 31, ಶನಿವಾರ

ನಾನೇ ಬಾಯಿ ಬಿಟ್ಟು ಕೇಳಿದೆ. “ಆ ಎಣ್ಣೆ ಬಟ್ಟಲ ಶಾಸ್ತ್ರಾನ ಈಗಲೇ ಮಾಡೋಕಾಗಲ್ವಾ ಅತ್ತೆ?”

ಅತ್ತೆ ಮೊರದಲ್ಲಿ ಅವರೆ ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಆಸಾಡದಲ್ಲಿ ಎಂಗವ್ವ ಮಾಡಾದು? ಮಾಡುದ್ರೂ ಮಾಡ್ದಂಗಲ್ಲ.”

“ಮತ್ತೆ ಅಣ್ಣ ಬರ್ತಾನಲ್ಲ.”

“ಬರ್ಲಿ. ಕರ್ಕೊಂಡ್ ಓಗು ತಾಯಿ. ನಾನೇನು ಬ್ಯಾಡ ಅಂದ್ನಾ? ನಿನ್ ಅಣ್ಣ, ನಿನ್ ಇಷ್ಟ.”

ಮೊರವನ್ನು ಒಂದು ಸಲ ಕೇರಿದರು. ಆಮೇಲೆ ಅವರೇ ಶುರುಮಾಡಿದರು. ಇವರಿಗೂ ಮೇಲಿನ ಹಲ್ಲೇ ಮೊದಲು ಬಂದಿತ್ತಂತೆ. ಅತ್ತೆಗೂ ಒಬ್ಬ ಅಣ್ಣ ಇದ್ದನಂತೆ, ಲಕ್ಕಯ್ಯ ಅಂತ. ಅಕ್ಕರೆ ತಡೆಯಲಾರದೆ ಶಾಸ್ತ್ರಕ್ಕೆ ಮುಂಚೆ ಬಂದು ಕೂಸನ್ನು ಎತ್ತಿ ಆಡಿಸಿ ಹೋದನಂತೆ.

“ಆಮೇಲೆ?”

“ಆಮೇಲೇನು. ಕೆರೆಗೆ ಎತ್ತು ಮೈ ತೊಳ್ಯಕ್ಕೆ ಓದ. ಎತ್ತು ಬಂದ್ವು.” ಮೊರ ಕೊಡವಿ ಎದ್ದರು. “ಅವತ್ತಿಂದ ನಂಗೆ ತವರಿಲ್ಲ ಕಣವ್ವ.”

ರಾತ್ರಿ ಊಟಕ್ಕೆ ಬಡಿಸುವಾಗ ಇವರನ್ನು ಕೇಳಿದೆ. “ಮಾವನಾ? ನಾ ಕಾಣೆ. ಇದ್ದ ಅಂತಾರಪ್ಪ. ಸಾರು ಬಿಡು,” ಅಂದರು.

ಈ ಸಲ ಆರತಿಗೆ ಹೇಳಲಿಲ್ಲ.

ಆಗಸ್ಟ್ 2, ಸೋಮವಾರ

ಸೊಸೈಟಿಗೆ ಫೋನು ಮಾಡಿದೆ.

“ಅಣ್ಣ, ನಾಳೆ ಬರಬೇಡ. ಅನುಗೆ ಜ್ವರ.”

“ಜ್ವರ ಅಂದ್ರೆ ಬಂದು ನೋಡ್ಬ್ಯಾಡ್ವಾ?”

“ನೋಡಬೇಡ. ಶ್ರಾವಣ ಬರೋವರೆಗೆ ನೀನು ಅವಳನ್ನ ನೋಡಬೇಡ.”

ಅಣ್ಣ ಸುಯ್ ಎಂದು ಉಸಿರು ಬಿಟ್ಟ. “ನೀನಾ ಇಂಗಂತಿರಾದು? ನಿಮ್ಮತ್ತೆ ಪಕ್ಕದಲ್ಲಿ ನಿಂತವ್ರಾ?”

“ಇಲ್ಲ. ನಾನೊಬ್ಬಳೇ.”

“ಅವ್ವಂಗೆ ಮಂತ್ರ ಆಕ್ಸಿದ್ದು ನಾನು. ಅದ್ಕೆ ನೀನು ವರ್ಸಾನುಗಟ್ಲೆ ನನ್ ಬೈದಿದ್ದೀಯ. ಗ್ಯಾಪ್ಕ ಅದಾ?”

ನೆನಪಿತ್ತು. ಆದರೆ ಅದು ಬೇರೆ, ಇದು ಬೇರೆ. ಆಗ ಔಷಧಿ ಕೊಡಿಸುವ ಬದಲು ಮಂತ್ರ ಹಾಕಿಸಿದರು. ಇಲ್ಲಿ ಏನನ್ನೂ ಮಾಡು ಅಂತ ನಾನು ಹೇಳುತ್ತಿಲ್ಲವಲ್ಲ. ಬರಬೇಡ ಅನ್ನುತ್ತಿದ್ದೇನೆ ಅಷ್ಟೆ.

“ಸರಿ ಬುಡು,” ಅಂದ ಕೊನೆಗೆ. “ಪೇಪರ್ನ ನಾಳೆ ಬಸ್ಸಿನ್ ಡ್ರೈವರ್ ಕೈಲಿ ಕಳುಸ್ತೀನಿ. ಯಾರ್ ಜೊತೇಲಾರ ಓಗು. ಆದ್ರೆ ಓಗು ಅಂಸಿ.”

ಅನುಗೆ ಜ್ವರ ಇರಲಿಲ್ಲ. ಮನೆಗೆ ಬಂದು ಹಣೆ ಮುಟ್ಟಿದರೆ ಒಂದಿಷ್ಟು ಬೆಚ್ಚಗಿತ್ತು.

ಆಗಸ್ಟ್ 3, ಮಂಗಳವಾರ

ಲಕೋಟೆ ಬಂದಿದೆ. ಇವರು ಬಸ್‌ಸ್ಟ್ಯಾಂಡಿನಿಂದ ತಂದುಕೊಟ್ಟರು. ಹೆಡ್ಮಾಸ್ಟರ ಸಹಿ, ಬಿಇಒ ಸಹಿ, ನೀಲಿ ಸೀಲು ಎಲ್ಲ ಇದೆ. ನನ್ನ ಹೆಸರೂ ಇನಿಷಿಯಲ್ಲೂ ಸರಿಯಾಗಿವೆ. ಇನ್ನು ಕಡಿಮೆಯಾದದ್ದು ಏನೂ ಇಲ್ಲ.

ಆರತಿ ತಾವೇ ಬರುತ್ತೇನೆ ಅಂದರು. ಬಸುರಿ, ಬೇಡ ಅಂದೆ. “ಬಸ್ಸಲ್ಲಿ ಕೂತ್ಕೊಳ್ಳೋದಕ್ಕೆ ನಾಲ್ಕು ತಿಂಗಳಾದ್ರೇನು, ಐದಾದ್ರೇನು? ಮಗು ಹಿಡ್ಕೊಳ್ಳೋಕೆ ಒಬ್ಬರು ಬೇಕು ತಾನೆ? ನನಗೂ ಅಭ್ಯಾಸ ಆಗುತ್ತೆ.” ಅವರೇ ನನ್ನ ಚೀಲ ಜೋಡಿಸಿದರು. ಅತ್ತೆ ದಾರಿಗೆ ಚಪಾತಿ ಮಾಡಿಟ್ಟರು. ಅನುವಿನ ಟೋಪಿ, ಸ್ವೆಟರು, ಒಳಲೆ, ಎಲ್ಲವನ್ನೂ ನೆನಪಿಟ್ಟು ಚೀಲಕ್ಕೆ ಹಾಕಿದರು. ಒಬ್ಬರೂ ಬೇಡ ಅನ್ನುತ್ತಿಲ್ಲ.

ಯಾರಾದರೂ ಬೇಡ ಅಂದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 4, ಬುಧವಾರ

ಹೋಗಲಿಲ್ಲ.

ಆರತಿ ಸ್ವೆಟರು ಹಾಕಿಕೊಂಡು ಇಳಿದು ಬಂದಿದ್ದರು. ಚೀಲ ಬಾಗಿಲಲ್ಲಿತ್ತು. ನಾನು ಅನುವನ್ನು ಎತ್ತಿಕೊಂಡಿದ್ದೆ, ಒಂದು ಕಾಲು ಚಪ್ಪಲಿಯಲ್ಲಿತ್ತು. ಆಗ ಅನ್ನಿಸಿತು. ಸೀಟು ಸಿಕ್ಕಿಬಿಟ್ಟರೆ? ಅಷ್ಟು ದೊಡ್ಡದು ಬಂದರೆ ಅದಕ್ಕೆ ಬದಲು ಏನು ಹೋಗಬೇಕು? ಅರ್ಧ ಹಲ್ಲು ಸಾಲುತ್ತದೆಯೇ?

“ಬಸ್ಸು ಹೋಗುತ್ತೆ ಕಣ್ರೀ.”

“ಅನುಗೆ ಜ್ವರ ಆರತಿ.”

ಆರತಿ ಅವಳ ಹಣೆ ಮುಟ್ಟಿದರು. ಕತ್ತು ಮುಟ್ಟಿದರು. ನನ್ನ ಮುಖ ನೋಡಿದರು. ತಿರುಗಿ ಮೆಟ್ಟಿಲು ಹತ್ತಿದರು.

ಅತ್ತೆ ಚೀಲ ಒಳಗಿಟ್ಟು ಚಪಾತಿ ಗಂಟು ಬಿಚ್ಚಿದರು. “ತಿನ್ನು ತಾಯಿ, ಬೆಳ್ಗಿಂದ ಏನೂ ತಿಂದಿಲ್ಲ. ಮುಂದಿನ್ ವರ್ಸ ನೋಡಾನ.” ನನ್ನ ತಲೆ ನೇವರಿಸಿದರು. ಅವ್ವ ಹೋದ ಮೇಲೆ ಹಾಗೆ ಯಾರೂ ನೇವರಿಸಿರಲಿಲ್ಲ. ಅಳು ಬಂತು.

ಇವರು ಸಂಜೆ ಬಂದು, “ಹೋಗ್ಲಿಲ್ವಾ? ಸರಿ ಬುಡು,” ಅಂದರು.

ಆಗಸ್ಟ್ 11, ಬುಧವಾರ

ಅಮಾವಾಸ್ಯೆ. ಇವತ್ತಿಗೆ ಆಷಾಢ ಮುಗಿಯಿತು. ಸಂಜೆ ಸೂರ್ಯಗ್ರಹಣವಿತ್ತು. ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಕಿಟಕಿಗೆ ಕಂಬಳಿ ಕಟ್ಟಿದೆ, ನೀರಿನ ಪಾತ್ರೆಗೆಲ್ಲ ದರ್ಭೆ ಹಾಕಿದೆ. ಮಹಡಿಯ ಮೇಲೆ ಬಕೆಟಿನ ಸದ್ದು ಕೇಳಿ ಹಿತ್ತಲಿಂದ ಇಣುಕಿದರೆ ಆರತಿ ಆ ಮಂಕು ಬೆಳಕಿನಲ್ಲಿ ಬಟ್ಟೆ ತೆಗೆಯುತ್ತಿದ್ದಾರೆ!

“ಒಳಗೆ ಹೋಗ್ರೀ!” ಎಂದು ಕೂಗಿದೆ. “ಬಸುರಿ ಹೆಂಗಸು! ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ?”

ಆರತಿ ನನ್ನನ್ನು ಗುರುತು ಹಿಡಿಯಲು ಪ್ರಯತ್ನಿಸುವವರಂತೆ ನೋಡಿದರು. ಓದಿದವರು ಕೆಲವು ಸಲ ಬಹಳ ಉಡಾಫೆ ಮಾಡುತ್ತಾರೆ.

ಆಗಸ್ಟ್ 22, ಭಾನುವಾರ

ಶಾಸ್ತ್ರ ಚೆನ್ನಾಗಿ ನಡೆಯಿತು. ಅಣ್ಣ ಬಸ್ಸಿನಲ್ಲಿ ಬಂದ. ಎಣ್ಣೆ ಬಟ್ಟಲಿನ ಮೇಲೆ ಬಗ್ಗಿ ಅನುವಿನ ಮುಖ ನೋಡಿದ. ಎಣ್ಣೆಯಲ್ಲಿ ಅವನ ಮುಖವೂ ಕಾಣುತ್ತಿತ್ತು, ಮುರಿದ ಹಲ್ಲಿನ ಜಾಗ ಕಪ್ಪಗೆ. “ಈಗ್ಲಾರ ನೇರ ನೋಡ್ಬೋದಾ ಅತ್ತೆಮ್ಮ?” ಅಂದ. ನಗಿಸಲು ಹೇಳಿದ್ದಲ್ಲ. ಎತ್ತಿಕೊಂಡರೆ ಅನು ಗುರುತು ಸಿಗದೆ ಅತ್ತಳು. ಬೆಳ್ಳಿ ಕಡಗ ಹಾಕಿ ಊಟ ಮಾಡಿ ಹೊರಟ. ಪೇಪರಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋಗುವಾಗ ಅವನ ಬೆನ್ನು ನೋಡಿ ಎಷ್ಟು ಸಮಾಧಾನವಾಯಿತು. ಜೀವ ಗಟ್ಟಿಯಾಗಿದೆ. ಅದಕ್ಕಿಂತ ಇನ್ನೇನು ಬೇಕು.

ಅನುವಿಗೆ ಈಗ ನಾಲ್ಕು ಹಲ್ಲು. ಕೆಳಗಿನವೆರಡು ಉದ್ದಕ್ಕೆ ಬೆಳೆದಿವೆ, ಮೇಲಿನವು ಇನ್ನೂ ಅರ್ಧ ವಸಡಿನೊಳಗೇ ಇವೆ. ಒಂದೊಂದು ಹಲ್ಲು ಒಂದೊಂದು ಥರ ಬೆಳೆಯುತ್ತದೆ.

ಮಾರ್ಚ್ 14, 2000, ಮಂಗಳವಾರ

ಅಣ್ಣ ಹಾಸನದಲ್ಲಿ ಹಲ್ಲು ಕಟ್ಟಿಸಿಕೊಂಡನಂತೆ. ಮಾತು ಈಗ ಸರಿಯಾಗಿ ಕೇಳಿಸುತ್ತದೆ.

ಅಕ್ಕಿ ಡಬ್ಬಕ್ಕೆ ಹಾಸಲು ಹಳೆಯ ಪೇಪರು ತೆಗೆದರೆ ಅದರಲ್ಲಿ ಸಿಇಟಿ ಅರ್ಜಿಯ ಜಾಹೀರಾತಿತ್ತು. ಕೊನೆಯ ದಿನ ಕಳೆದುಹೋಗಿದೆ. ಹಾಸಿದೆ.

ಜುಲೈ 16, 2000, ಭಾನುವಾರ

ಇವತ್ತು ನನ್ನನ್ನು ಮಹಡಿಗೆ ಕರೆಸಿದ್ದರು.

ಆರತಿಯ ಮಗ ಸಮರ್ಥನಿಗೆ ಹಲ್ಲು ಬರುತ್ತಿದೆ. ಮಗು ಹುಟ್ಟಿದಾಗಿನಿಂದ ಆರತಿಯ ಅತ್ತೆ ವೇದವತಮ್ಮ ಬಂದು ಇಲ್ಲೇ ಇದ್ದಾರೆ. ಮೇಷ್ಟರ ಕೆಲಸದ ಪಟ್ಟಿಯಲ್ಲಿ ಆರತಿಯ ಹೆಸರು ಬಂದಿದೆ. ಬುಧವಾರ ಹಾಸನದಲ್ಲಿ ಮೂಲಪತ್ರ ತೋರಿಸಬೇಕಂತೆ. ಗಂಡನಿಗೆ ರಜೆಯಿಲ್ಲ. ಕರೆದುಕೊಂಡು ಹೋಗಲು ಆರತಿಯ ಅಣ್ಣ ಮುರಳೀಕೃಷ್ಣ ಮೈಸೂರಿನಿಂದ ಬರುತ್ತಾನೆ.

ನಮ್ಮತ್ತೆ ಆಗಲೇ ಅಲ್ಲಿ ಕೂತಿದ್ದರು. ಬೆಳ್ಳಿ ಒಳಲೆ ಅವರ ಮಡಿಲಲ್ಲಿತ್ತು.

“ಮೇಲಿಂದೋ ಕೆಳಗಿಂದೋ ನನ್ನ ಕಣ್ಣಿಗೆ ಕಾಣ್ತಿಲ್ಲಮ್ಮ,” ಅಂದರು ವೇದವತಮ್ಮ. “ನೀನು ಹಲ್ಲಿನ ಪರೀಕ್ಷೆ ಪಾಸಾದವಳು. ನೀನು ಹೇಳಿದರೆ ಸರಿ.”

“ಅಯ್ಯೋ, ನಮ್ ಅಂಸ ಡಾಕ್ಟ್ರೇ ಆಗ್ಬೇಕಿತ್ತು,” ಅಂದರು ಅತ್ತೆ. ಎಷ್ಟು ಹೆಮ್ಮೆ ಆ ಮಾತಿನಲ್ಲಿ.

ಆರತಿ ಮಗುವನ್ನು ನನ್ನ ಮಡಿಲಿಗೆ ಹಾಕಿದರು. ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, “ಹಂಸ, ಕೆಳಗೆ ಬಂದಿದೆ. ನಾನು ನೋಡಿದೀನಿ. ಸುಮ್ಮನೆ ಹೇಳಿಬಿಡಿ,” ಅಂದರು.

ಬೆರಳಿಟ್ಟೆ. ಕೆಳಗೆ ಅಕ್ಕಿಯ ಮೊನೆ. ಮೇಲೂ ಒಂದು ಬಿಳಿ ಚುಕ್ಕೆ ಆಗಷ್ಟೇ ವಸಡು ಸೀಳಿತ್ತು. ಕೆಳಗಿನದು ಅಂತ ಹೇಳಿಬಿಡಬಹುದಿತ್ತು. ಆದರೆ ಆರತಿಯ ಅಣ್ಣ ಮೈಸೂರಿನಿಂದ ಬರಬೇಕು, ದಾರಿ ಉದ್ದ. ನಾಳೆ ಏನಾದರೂ ಆದರೆ ಯಾರ ತಲೆಗೆ ಬರುತ್ತದೆ? ನನ್ನ ಮಾತಿನ ಮೇಲೆ ಬರುವವನಲ್ಲವೇ ಅವನು?

ಒಳಲೆ ಇಸಿದುಕೊಂಡೆ. ಮೂತಿಯನ್ನು ನೇರ ಇಟ್ಟರೆ ಕೆಳಗಿನದಕ್ಕೆ ತಾಗುತ್ತದೆ. ಕೈಯನ್ನು ಒಂದಿಷ್ಟು ಎತ್ತಿ ಹಿಡಿದರೆ ಮೇಲಿನದಕ್ಕೇ ತಾಗುತ್ತದೆ. ಎತ್ತಿ ಹಿಡಿದೆ.

ಟಿಣ್.

“ಮೇಲ್ಗಡೆ,” ಅಂದೆ.

ವೇದವತಮ್ಮ ಕೆನ್ನೆ ಕೆನ್ನೆ ತಟ್ಟಿಕೊಂಡರು. ಆಷಾಢ ಮುಗಿಯುವವರೆಗೆ ಮಾವ ಬರಕೂಡದು, ಹಾಸನ ಎಲ್ಲಿಗೂ ಓಡಿಹೋಗುವುದಿಲ್ಲ ಅಂತ ಅವರೇ ತೀರ್ಮಾನಿಸಿದರು. ಆರತಿ ನನ್ನನ್ನೇ ನೋಡುತ್ತಿದ್ದರು. ಪಾಪ, ಈಗ ಅರ್ಥವಾಗುವುದಿಲ್ಲ ಅವರಿಗೆ. ಅವರ ಕೈ ಹಿಡಿದು, “ಹುಷಾರಾಗಿದ್ದರೆ ನಮ್ಮ ಗಂಟೇನು ಹೋಗುತ್ತೆ ಆರತಿ?” ಅಂದೆ. ಕೈ ಬಿಡಿಸಿಕೊಂಡರು.

ಮೆಟ್ಟಿಲು ಇಳಿಯುವಾಗ ಅತ್ತೆ ಒಳಲೆಯನ್ನು ನನ್ನ ಕೈಗೇ ಕೊಟ್ಟರು. “ನೀನೇ ಇಟ್ಕೊ. ನನ್ ಕೈ ನಡುಗ್ತದೆ ಈಗೀಗ.” ಹುಣಿಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ನನ್ನ ಪೆಟ್ಟಿಗೆಯಲ್ಲಿಟ್ಟೆ. ಅಂಕಪಟ್ಟಿಗಳ ಲಕೋಟೆಯನ್ನು ಒತ್ತಿ ಸರಿಸಿದರೆ ಸರಿಯಾಗಿ ಹಿಡಿಯಿತು.

ಇನ್ನೂ ಸಂಜೆಯಾಗಿಲ್ಲ, ಆಗಲೇ ಆಕಳಿಕೆ ಬರುತ್ತಿದೆ. ಎಷ್ಟೋ ಕಾಲದ ಮೇಲೆ ಇವತ್ತು ಒಳ್ಳೆಯ ನಿದ್ದೆ ಬರಬಹುದು.